ಓದುಗರ ಪ್ರಶ್ನೆ, ನಮ್ಮ ಉತ್ತರ: ಮೂವರ ಜಾಝ್ ಕಛೇರಿ

ಪ್ರಶ್ನೆ: ಮುಂದಿನ ವಾರ ಪಿಯಾನೊ, ಡಬಲ್ ಬೇಸ್, ಡ್ರಮ್ಸ್ ಇರುವ ಮೂವರ ಜಾಝ್ ಕಛೇರಿಗೆ ಹೋಗುತ್ತಿದ್ದೇನೆ. ರೆಕಾರ್ಡಿಂಗ್ ಕೇಳುವಾಗ ಮೊದಲ ಒಂದು ನಿಮಿಷ ಹಾಡು ಗೊತ್ತಾಗುತ್ತದೆ, ಆಮೇಲೆ ದಿಕ್ಕೇ ತಪ್ಪುತ್ತದೆ. ಏನನ್ನು ಹಿಡಿದುಕೊಂಡು ಕೇಳಬೇಕು?

ಉತ್ತರ: ಬೇಸನ್ನು. ಪಿಯಾನೊ ಎಷ್ಟು ದೂರ ಹೋದರೂ ಹಾಡಿನ ಚೌಕಟ್ಟು ಅಲ್ಲಾಡುವುದಿಲ್ಲ. ಅದನ್ನು ಬೀಟ್‌ಗೊಂದು ಸ್ವರದಂತೆ ಹೇಳುತ್ತಾ ಹೋಗುವವರು ಬೇಸ್ ವಾದಕರು.

ಜಾಝ್ ಕಲಾವಿದರು ಎತ್ತಿಕೊಳ್ಳುವ ಹಳೆಯ ಜನಪ್ರಿಯ ಹಾಡುಗಳಲ್ಲಿ ಬಹಳಷ್ಟು 32 ಬಾರ್‌ಗಳವು, ಅಂದರೆ ಎಂಟೆಂಟು ಬಾರ್‌ಗಳ ನಾಲ್ಕು ಭಾಗ. ಸಾಮಾನ್ಯವಾಗಿ ಮೊದಲೆರಡು ಭಾಗಕ್ಕೆ ಒಂದೇ ಧಾಟಿ, ಮೂರನೆಯದಕ್ಕೆ ಬೇರೆ, ನಾಲ್ಕನೆಯದು ಮತ್ತೆ ಮೊದಲಿನಂತೆ. ಬಾರ್‌ಗೆ ನಾಲ್ಕು ಬೀಟ್. ನಿಮಿಷಕ್ಕೆ 160 ಬೀಟ್ ವೇಗದಲ್ಲಿ ಇಡೀ ಆವರ್ತ 48 ಸೆಕೆಂಡಿನಲ್ಲಿ ಮುಗಿಯುತ್ತದೆ. 12 ಬಾರ್‌ಗಳ ಬ್ಲೂಸ್ ಆದರೆ 18 ಸೆಕೆಂಡು ಸಾಕು. ಮೊದಲು ಹಾಡನ್ನು ಇದ್ದಂತೆ ನುಡಿಸುತ್ತಾರೆ. ಆಮೇಲೆ ಅದೇ ಕಾರ್ಡ್‌ಗಳ (ಒಟ್ಟಿಗೆ ನುಡಿಸುವ ಸ್ವರಗುಚ್ಛಗಳ) ಆವರ್ತದ ಮೇಲೆ ಒಬ್ಬೊಬ್ಬರ ಮನೋಧರ್ಮ, ಅದೇ ಸೋಲೊ. ಕೊನೆಗೆ ಹಾಡು ಮತ್ತೆ ಬರುತ್ತದೆ.

ಪಿಯಾನೊ ಸೋಲೊ ಶುರುವಾದ ಮೊದಲ ಬಾರ್‌ನಿಂದಲೇ ಮೂಲ ಹಾಡನ್ನು ಮನಸ್ಸಿನಲ್ಲಿ ಗುನುಗುತ್ತಾ ಹೋಗಿ. ಮೂರನೆಯ ಭಾಗಕ್ಕೆ ಬಂದಾಗ ಕಾರ್ಡ್‌ಗಳ ಬಣ್ಣ ಬದಲಾಗುವುದು ಕಿವಿಗೆ ಬೀಳುತ್ತದೆ. ತಪ್ಪಿಸಿಕೊಂಡಿದ್ದರೆ ಅಲ್ಲಿಂದ ಮತ್ತೆ ಸೇರಿಕೊಳ್ಳಬಹುದು. ಡ್ರಮ್ಸ್‌ನಲ್ಲಿ ರೈಡ್ ಸಿಂಬಲ್ (ಕೋಲಿನಿಂದ ಸತತವಾಗಿ ಬಡಿಯುವ ದೊಡ್ಡ ಲೋಹದ ತಟ್ಟೆ) ನಡೆಯನ್ನು ಹಿಡಿದಿರುತ್ತದೆ, ಎಡಗಾಲಿನಿಂದ ಒತ್ತುವ ಜೋಡಿ ತಟ್ಟೆ, ಹೈ-ಹ್ಯಾಟ್, 2 ಮತ್ತು 4ನೆಯ ಬೀಟ್‌ಗೆ ಮುಚ್ಚುತ್ತದೆ. ನೀವು ಚಿಟಿಕೆ ಹಾಕುವುದಾದರೆ ಅಲ್ಲಿಗೇ ಹಾಕಿ, 1 ಮತ್ತು 3ಕ್ಕೆ ಹಾಕಿದರೆ ಸ್ವಿಂಗ್‌ಗೆ, ಅಂದರೆ ಜಾಝ್‌ನ ತೂಗುವ ಲಯಕ್ಕೆ, ಎದುರಾಗುತ್ತೀರಿ.

ಕೇಳುಗರು ಹೆಚ್ಚಾಗಿ ದಾರಿ ತಪ್ಪುವುದು ಬೇಸ್ ಸೋಲೊದಲ್ಲಿ. ಅಲ್ಲಿಯವರೆಗೆ ಬೀಟ್ ಹೇಳುತ್ತಿದ್ದವರೇ ಅದನ್ನು ಬಿಟ್ಟು ರಾಗಕ್ಕೆ ಇಳಿಯುತ್ತಾರೆ. ಪಿಯಾನೊ ಅಲ್ಲೊಂದು ಇಲ್ಲೊಂದು ಕಾರ್ಡ್ ಇಟ್ಟು ಸುಮ್ಮನಾಗುತ್ತದೆ. ಆಗ ಹೈ-ಹ್ಯಾಟ್ ಕಡೆಗೆ ಕಿವಿ ತಿರುಗಿಸಿ. ಕೊನೆಯಲ್ಲಿ ಪಿಯಾನೊ ನಾಲ್ಕು ಬಾರ್, ಡ್ರಮ್ಸ್ ನಾಲ್ಕು ಬಾರ್ ಎಂದು ಸರದಿಯಲ್ಲಿ ನುಡಿಸುವುದುಂಟು. 32 ಬಾರ್‌ಗಳಲ್ಲಿ ಡ್ರಮ್ಸ್‌ಗೆ ಇಂಥ ನಾಲ್ಕು ಸರದಿ ಸಿಗುತ್ತವೆ. ಡ್ರಮ್ಮರ್ ಒಬ್ಬರೇ ನುಡಿಸುವಾಗಲೂ ಹಾಡು ಒಳಗೊಳಗೇ ಓಡುತ್ತಿರುತ್ತದೆ ಎಂಬುದು ಇಲ್ಲಿ ಚೆನ್ನಾಗಿ ಗೊತ್ತಾಗುತ್ತದೆ.

ಪ್ರಶ್ನೆ: ಕರಪತ್ರದಲ್ಲಿ ಕಲಾವಿದರ ಹಿನ್ನೆಲೆ ಕೊಟ್ಟಿದ್ದಾರೆ: ಪಿಯಾನೊ ವಾದಕಿ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತ ಕಲಿತವರು, ಬೇಸ್ ವಾದಕರು ಮೊದಲು ಗಿಟಾರ್ ನುಡಿಸುತ್ತಿದ್ದರು, ಡ್ರಮ್ಮರ್ ದೊಡ್ಡ ಬ್ಯಾಂಡ್‌ಗಳಲ್ಲಿದ್ದವರು. ಇದರಿಂದ ಕೇಳುಗನಿಗೆ ಏನು ಪ್ರಯೋಜನ?

ಉತ್ತರ: ತುಂಬಾ ಇದೆ. ಮೂವರೇ ಇರುವಾಗ ಯಾರ ಅಭ್ಯಾಸವೂ ಮರೆಯಾಗುವುದಿಲ್ಲ.

ಶಾಸ್ತ್ರೀಯವಾಗಿ ಕಲಿತವರ ಬೆರಳಿನಲ್ಲಿ ಒಂದೇ ಕಾರ್ಡ್‌ನ ಸ್ವರಗಳಿಗೂ ಬೇರೆ ಬೇರೆ ತೂಕ ಇರುತ್ತದೆ, ಪೆಡಲ್ ಬಳಕೆ ಹದವಾಗಿರುತ್ತದೆ. ಅವರು ಕಷ್ಟಪಟ್ಟು ಗಳಿಸಬೇಕಾದದ್ದು ಸ್ವಿಂಗ್. ಅರ್ಧ ಬೀಟ್‌ನ ಸ್ವರಗಳನ್ನು ಬರೆದಂತೆ ಸಮಸಮವಾಗಿ ನುಡಿಸಿದರೆ ಲಯ ಬಿಗಿದುಕೊಳ್ಳುತ್ತದೆ. ಗಿಟಾರ್‌ನಿಂದ ಬಂದವರಿಗೆ ಕಾರ್ಡ್‌ಗಳ ಜ್ಞಾನ ಮೊದಲೇ ಇರುತ್ತದೆ. ಆದರೆ ಡಬಲ್ ಬೇಸ್‌ನಲ್ಲಿ ಗಿಟಾರ್‌ನಂತೆ ಮೆಟ್ಟಿಲುಗಳಿಲ್ಲ (ಫ್ರೆಟ್), ತಂತಿಯ ಉದ್ದ ಸುಮಾರು 105 ಸೆಂ.ಮೀ. ಕೆಳಗಿನ ಸ್ಥಾನಗಳಲ್ಲಿ ಒಂದು ಕೈಹಿಡಿತಕ್ಕೆ ಒಂದು ಪೂರ್ಣ ಸ್ವರದಷ್ಟೇ ಅಂತರ ಸಿಗುತ್ತದೆ. ಗಿಟಾರ್‌ನ ರೂಢಿಯಂತೆ ಬೆರಳಿಗೊಂದು ಮೆಟ್ಟಿಲು ಎಂದು ಚಾಚಿದರೆ ಶ್ರುತಿ ತಪ್ಪುತ್ತದೆ, ಕೈಯೂ ನೋಯುತ್ತದೆ. ದೊಡ್ಡ ಬ್ಯಾಂಡ್‌ನ ಡ್ರಮ್ಮರ್ ಹದಿನೈದಕ್ಕೂ ಹೆಚ್ಚು ಜನರನ್ನು ಹೊತ್ತು ನಡೆದವರು. ಮೂವರ ನಡುವೆ ಅವರು ಕೋಲಿನ ಬದಲು ಮೆದು ಶಬ್ದದ ಬ್ರಷ್ ಹಿಡಿದು ಎಷ್ಟು ಹೊತ್ತು ನಿಲ್ಲಬಲ್ಲರು ಎಂದು ಗಮನಿಸಿ.

ಹಿನ್ನೆಲೆ ಹೇಗೆ ಕೆಲಸ ಮಾಡುತ್ತದೆ ಎಂಬುದಕ್ಕೆ ಬಿಲ್ ಇವಾನ್ಸ್ (ಪಿಯಾನೊ), ಸ್ಕಾಟ್ ಲಫಾರೊ (ಬೇಸ್), ಪಾಲ್ ಮೋಷನ್ (ಡ್ರಮ್ಸ್) ಅವರ ಮೇಳವನ್ನೇ ನೋಡಿ. ಇವಾನ್ಸ್ ಪಾಶ್ಚಾತ್ಯ ಶಾಸ್ತ್ರೀಯ ಪಿಯಾನೊ ಕಲಿತವರು. ಲಫಾರೊ ಹುಡುಗನಾಗಿದ್ದಾಗ ಕ್ಲಾರಿನೆಟ್, ಸ್ಯಾಕ್ಸೊಫೋನ್ ನುಡಿಸಿ, ಕಾಲೇಜು ಸೇರುವ ಹೊತ್ತಿಗೆ ಬೇಸ್ ಎತ್ತಿಕೊಂಡರು. ಅವರ ಬೇಸ್ ಊದುವ ವಾದ್ಯದಂತೆ ಉಸಿರೆಳೆದು ಮಾತಾಡುತ್ತದೆ, ಬೀಟ್ ಎಣಿಸುತ್ತಾ ಕೂರುವುದಿಲ್ಲ. ನ್ಯೂಯಾರ್ಕಿನ ವಿಲೇಜ್ ವ್ಯಾನ್‌ಗಾರ್ಡ್ ಜಾಝ್ ಕ್ಲಬ್ಬಿನಲ್ಲಿ 1961ರ ಜೂನ್ 25ರಂದು ಈ ಮೂವರ ವಾದನ ಧ್ವನಿಮುದ್ರಣವಾಯಿತು. ಹನ್ನೊಂದೇ ದಿನಕ್ಕೆ ಲಫಾರೊ ರಸ್ತೆ ಅಪಘಾತದಲ್ಲಿ ತೀರಿಕೊಂಡರು, ವಯಸ್ಸು 25. ಪಿಯಾನೊ ಮುಂದೆ, ಉಳಿದಿಬ್ಬರು ಪಕ್ಕವಾದ್ಯ ಎಂಬ ಕ್ರಮವನ್ನು ಸಡಿಲಿಸಿದ ಮೇಳ ಅದು. ಪಿಯಾನೊ ವಾದಕ ಕೀತ್ ಜ್ಯಾರೆಟ್ ಅವರ ಮೇಳದಲ್ಲಂತೂ ಮೂವರೂ ಪಿಯಾನೊ ಬಲ್ಲವರಾಗಿದ್ದರು. ಡ್ರಮ್ಮರ್ ಜ್ಯಾಕ್ ಡಿಜಾನೆಟ್ ಬಾಲ್ಯದಲ್ಲಿ ಕಲಿತದ್ದು ಪಿಯಾನೊ. ಗ್ಯಾರಿ ಪೀಕಾಕ್ ಸೇನೆಯಲ್ಲಿದ್ದಾಗ ಪಿಯಾನೊ ಬಿಟ್ಟು ಬೇಸ್ ಹಿಡಿದರು. ಈ ಮೂವರಲ್ಲಿ ಒಬ್ಬರ ಕಾರ್ಡ್ ಅನ್ನು ಇನ್ನೊಬ್ಬರು ಮುಂಚಿತವಾಗಿ ಊಹಿಸುತ್ತಿದ್ದುದರಲ್ಲಿ ಆಶ್ಚರ್ಯವಿಲ್ಲ.

ಕರಪತ್ರದಲ್ಲಿ ಇನ್ನೊಂದು ಸಂಗತಿ ಹುಡುಕಿ: ಮೂವರೂ ಎಷ್ಟು ಕಾಲದಿಂದ ಒಟ್ಟಿಗೆ ನುಡಿಸುತ್ತಿದ್ದಾರೆ? ಆ ಸಂಜೆಗೆಂದೇ ಕೂಡಿದವರಾದರೆ ಎಲ್ಲರಿಗೂ ಗೊತ್ತಿರುವ ಹಾಡುಗಳೇ ಹೆಚ್ಚು ಬರುತ್ತವೆ, ಸೋಲೊಗಳ ಸರದಿಯೂ ಒಂದೇ ಬಗೆಯಾಗಿರುತ್ತದೆ. ಹಳೆಯ ಮೇಳವಾದರೆ ವೇಗ ಬದಲಿಸುವುದು, ನಡುವೆ ನಿಲ್ಲಿಸುವುದು ಕಣ್ಸನ್ನೆಯಲ್ಲೇ ಆಗುತ್ತದೆ.

ಪ್ರಶ್ನೆ: ಸುಮಾರು 150 ಆಸನಗಳ ಸಭಾಂಗಣದಲ್ಲಿ ಇಂಥದೇ ಕಛೇರಿ ಏರ್ಪಡಿಸುತ್ತಿದ್ದೇವೆ. ಕಳೆದ ಸಲ ಬೇಸ್ ಬರೀ ಗುಂಯ್‌ಗುಟ್ಟಿತು. ಯಾಕೆ?

ಉತ್ತರ: ಸಾಮಾನ್ಯವಾಗಿ ಎರಡು ಕಾರಣ. ಒಂದು, ಪಿಕಪ್ಪನ್ನು (ವಾದ್ಯದ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಸಾಧನ) ನೇರವಾಗಿ ಮಿಕ್ಸರ್‌ಗೆ ಚುಚ್ಚುವುದು. ಬೇಸ್‌ನ ಕುದುರೆಗೆ ಕೂರಿಸುವ ಪೀಜೊ ಪಿಕಪ್‌ಗೆ ಕನಿಷ್ಠ 1 ಮೆಗಾಓಮ್ ವಿದ್ಯುತ್ ತಡೆಯ (ಇಂಪೀಡೆನ್ಸ್) ಇನ್‌ಪುಟ್ ಬೇಕು. ಮಿಕ್ಸರ್‌ನ ಮಾಮೂಲಿ ಇನ್‌ಪುಟ್ ಅದಕ್ಕಿಂತ ಎಷ್ಟೋ ಕಡಿಮೆ. ಆಗ ತಗ್ಗಿನ ಸ್ವರಗಳು ಸೊರಗುತ್ತವೆ, ನಿರ್ವಾಹಕರು ಬೇಸ್ ಗುಂಡಿಯನ್ನು ಪೂರ್ತಿ ತಿರುಗಿಸುತ್ತಾರೆ, ಅಲ್ಲಿಂದ ತೊಂದರೆ ಶುರು. ನಡುವೆ ಪ್ರೀಆಂಪ್ ಅಥವಾ ತಕ್ಕ ಡಿಐ ಬಾಕ್ಸ್ (ಪಿಕಪ್‌ನ ಸಂಕೇತವನ್ನು ಮಿಕ್ಸರ್‌ಗೆ ಹೊಂದಿಸುವ ಪೆಟ್ಟಿಗೆ) ಇಡಿ. ಎರಡು, ವೇದಿಕೆಯ ಹಲಗೆಯ ಮೂಲಕ ಸ್ಪೀಕರ್‌ನ ಕಂಪನ ವಾದ್ಯದ ಒಡಲಿಗೆ ಮರಳುವುದು. ಬೇಸ್ ಆಂಪನ್ನು ನೆಲದಿಂದ ಎತ್ತಿ ಗಟ್ಟಿ ಕುರ್ಚಿಯ ಮೇಲಿಡಿ, ಪ್ರೀಆಂಪ್‌ನ ಫೇಸ್ ಗುಂಡಿ ಬದಲಿಸಿ ನೋಡಿ. ಆಮೇಲೂ ಒಂದೇ ಸ್ವರ ಗುಂಯ್‌ಗುಟ್ಟಿದರೆ 80ರಿಂದ 120 ಹರ್ಟ್ಜ್ ನಡುವೆ ಅದನ್ನು ಹುಡುಕಿ ಅಷ್ಟನ್ನೇ ಕತ್ತರಿಸಿ. ಬೇಸ್‌ನ ಅತಿ ತಗ್ಗಿನ ತಂತಿ 41 ಹರ್ಟ್ಜ್, ಅದರ ಕೆಳಗಿನದನ್ನು ಪೂರ್ತಿ ತೆಗೆದುಬಿಡಬಹುದು.

ಪ್ರೇಕ್ಷಕರ ಎಡಕ್ಕೆ ಪಿಯಾನೊ, ಅದರ ಬಾಗಿನಲ್ಲಿ ಬೇಸ್, ಬಲಕ್ಕೆ ಡ್ರಮ್ಸ್. ಬಲಗೈ ಡ್ರಮ್ಮರ್‌ನ ರೈಡ್ ಸಿಂಬಲ್ ಆಗ ಬೇಸ್ ಪಕ್ಕಕ್ಕೇ ಬರುತ್ತದೆ. ಮೇಳದ ಲಯ ಕೂಡುವುದು ಆ ಇಬ್ಬರ ನಡುವೆ, ಅವರನ್ನು ದೂರ ಕೂರಿಸಬೇಡಿ. ಇಷ್ಟು ಸಣ್ಣ ಸಭಾಂಗಣಕ್ಕೆ 18 ಇಂಚಿನ ಬೇಸ್ ಡ್ರಮ್ ಸಾಕು, ಡ್ರಮ್ಸ್‌ಗೆ ಮೈಕ್ ಬೇಡ. ಕೆಳಗೆ ಎರಡು ಮೀಟರ್ ಚೌಕದ ಜಮಖಾನೆ ಹಾಸಿದರೆ ಡ್ರಮ್ಸ್ ಜಾರುವುದಿಲ್ಲ.

ಪಿಯಾನೊವನ್ನು ಹಿಂದಿನ ದಿನವೇ ವೇದಿಕೆಗೆ ತನ್ನಿ. ಶ್ರುತಿ ಮಾಡುವವರಿಗೆ ಎರಡು ಗಂಟೆ ಪೂರ್ಣ ಮೌನ ಕೊಡಿ. ಆ ಹೊತ್ತಿಗೆ ದೀಪ, ಎಸಿ ಎರಡೂ ಕಛೇರಿಯಲ್ಲಿ ಇರುವಂತೆಯೇ ಇರಬೇಕು, ಇಲ್ಲದಿದ್ದರೆ ಸಂಜೆಗೆ ಶ್ರುತಿ ಸರಿಯುತ್ತದೆ. ಸೌಂಡ್ ಚೆಕ್‌ನಲ್ಲಿ ಮೊದಲು ಮೂವರೂ ಮೈಕ್ ಇಲ್ಲದೆ ನುಡಿಸಲಿ. ಕೊನೆಯ ಸಾಲಿಗೆ ಕೇಳದಷ್ಟನ್ನು ಮಾತ್ರ ಸ್ಪೀಕರ್‌ನಿಂದ ತುಂಬಿಸಿ. ಜನ ತುಂಬಿದಾಗ ಅನುರಣನ ಇಳಿಯುತ್ತದೆ, ಖಾಲಿ ಸಭಾಂಗಣದಲ್ಲಿ ಕೇಳಿದ್ದನ್ನೇ ಅಂತಿಮ ಎನ್ನಬೇಡಿ.

ಪ್ರಶ್ನೆ: ಸಭಾಂಗಣದಲ್ಲಿ ಪಿಯಾನೊ ಇಲ್ಲದಿದ್ದರೆ ಡಿಜಿಟಲ್ ನಡೆಯುತ್ತದೆಯೇ?

ಉತ್ತರ: ನಡೆಯುತ್ತದೆ. ತೂಕವಿರುವ 88 ಮನೆಗಳು, ಗಟ್ಟಿ ಸ್ಟ್ಯಾಂಡ್, ಅರ್ಧ ಒತ್ತಿದ್ದನ್ನೂ ಗುರುತಿಸುವ ಪೆಡಲ್ ಇರಲಿ. ನಿಜವಾದ ಪಿಯಾನೊದ ಶಬ್ದ ವೇದಿಕೆಯಲ್ಲೇ ಹರಡುತ್ತದೆ, ಡಿಜಿಟಲ್‌ನದು ಹಾಗಲ್ಲ. ಬೇಸ್ ವಾದಕರ ಮೊಣಕಾಲಿನ ಹತ್ತಿರ ಒಂದು ಮಾನಿಟರ್ ಸ್ಪೀಕರ್ ಇಡದಿದ್ದರೆ ಅವರು ಅಂದಾಜಿನ ಮೇಲೆ ನುಡಿಸಬೇಕಾಗುತ್ತದೆ.

ಪ್ರಶ್ನೆ: ಚಪ್ಪಾಳೆ ಯಾವಾಗ?

ಉತ್ತರ: ಪ್ರತಿ ಸೋಲೊ ಮುಗಿದಾಗಲೂ ತಟ್ಟಬಹುದು, ಅದು ರೂಢಿ. ಪಿಯಾನೊದ ನಂತರ ಬೇಸ್ ಸೋಲೊ ಬರುವುದಿದ್ದರೆ ಮಾತ್ರ ಬೇಗ ನಿಲ್ಲಿಸಿ. ಅದರ ಮೊದಲ ನಾಲ್ಕೈದು ಬಾರ್‌ಗಳು ಚಪ್ಪಾಳೆಯಲ್ಲೇ ಮುಳುಗಿಹೋಗುತ್ತವೆ.