ಮೈದನಹಳ್ಳಿಯಲ್ಲಿ ಮಧ್ಯಾಹ್ನದ ಬಿಸಿಲಲ್ಲಿ ಕೃಷ್ಣಮೃಗದ ಫೋಟೋ ಮಸುಕಾಗಿ ಬರುತ್ತಿದೆ, ಬಿಳಿ ಹೊಟ್ಟೆಯಂತೂ ಸುಣ್ಣ ಬಳಿದ ಹಾಗೆ. ಹೊಳಪು ತಗ್ಗಿಸಲು ಲೆನ್ಸಿನ ಮುಂದೆ ಹಾಕುವ ಸಿಪಿಎಲ್ ಫಿಲ್ಟರ್ ಕೊಳ್ಳಲಾ, ಒಳ್ಳೆ ಲೆನ್ಸ್ ಕೊಳ್ಳಲಾ?

ಎರಡೂ ಬೇಡ. ಇದೇ ಮೈದನಹಳ್ಳಿಯಲ್ಲಿ, ಇದೇ ಪ್ರಶ್ನೆ ಇಟ್ಟುಕೊಂಡು ಹದಿನೇಳು ಸಾವಿರ ಕಳೆದುಕೊಂಡವನು ನಾನು. ಹಾಗಾಗಿ ಸ್ವಲ್ಪ ಉದ್ದ ಆಗುತ್ತದೆ, ಓದಿ.

ನಾನು ತುಮಕೂರಿನವನು. ಕ್ಯಾಮೆರಾ ಕೈಗೆ ಬಂದ ಹೊಸದರಲ್ಲಿ ಭಾನುವಾರ ಬಂತೆಂದರೆ ಮಧುಗಿರಿ ದಾಟಿ ಮೈದನಹಳ್ಳಿಗೆ ಹೊರಡುತ್ತಿದ್ದೆ. ಎದ್ದು, ತಿಂಡಿ ತಿಂದು, ಗೆಳೆಯನ ಕಾರು ಬರುವಷ್ಟರಲ್ಲಿ ಒಂಬತ್ತು. ಅಲ್ಲಿ ಮುಟ್ಟುವಾಗ ಹನ್ನೊಂದು. ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಮೀಸಲು ಅಂತ ಬೋರ್ಡ್ ಇದೆ, ಆದರೆ ಕಾಡು ಅಂದುಕೊಂಡು ಹೋದವರಿಗೆ ಸಿಗುವುದು ಬಯಲು. 798 ಎಕರೆ, ಅದರಲ್ಲಿ ಕಣ್ಣಿಗೆ ಬೀಳುವುದೆಲ್ಲ ಒಣಹುಲ್ಲು. ಮಾರ್ಚ್ ತಿಂಗಳು ಬೇರೆ.

ಆಗಷ್ಟೇ 58 ಸಾವಿರ ಕೊಟ್ಟು ಸೆಕೆಂಡ್ ಹ್ಯಾಂಡ್ 150-600 ಎಂಎಂ ಜೂಮ್ ಲೆನ್ಸ್ ತಂದಿದ್ದೆ. ಇನ್ನೂರು ಮೀಟರ್ ಆಚೆ ಒಂದು ಗಂಡು ನಿಂತಿತ್ತು. ಕರಿ ಬೆನ್ನು, ಬಿಳಿ ಹೊಟ್ಟೆ, ಕಣ್ಣಿನ ಸುತ್ತ ಬಿಳಿ ಉಂಗುರ. 600ಕ್ಕೆ ಎಳೆದು ಒತ್ತಿದ್ದೇ ಒತ್ತಿದ್ದು. ಶಟರ್ ಸೆಕೆಂಡಿನ 1/2000 ಭಾಗ, ಕೈ ಅಲುಗಾಡಿತು ಅನ್ನುವ ಹಾಗೂ ಇಲ್ಲ. ಮನೆಗೆ ಬಂದು ಕಂಪ್ಯೂಟರ್‌ಗೆ ಹಾಕಿದರೆ ನಾನೂರರಲ್ಲಿ ಒಂದೂ ನೆಟ್ಟಗಿಲ್ಲ. ಕೊಂಬಿನ ಸುರುಳಿ ಕರಗಿದ ಬೆಲ್ಲದ ಹಾಗೆ. ಕಣ್ಣಿನ ಉಂಗುರ ಒಂದು ಫ್ರೇಮಲ್ಲಿ ಮೊಟ್ಟೆ, ಅದರ ಮುಂದಿನ ಫ್ರೇಮಲ್ಲಿ ಗೋಡಂಬಿ.

ಮೂರು ಭಾನುವಾರ ಇದೇ ಗೋಳು. ಲೆನ್ಸೇ ಕೆಟ್ಟಿದೆ ಅಂತ ತೀರ್ಮಾನ ಮಾಡಿದೆ. ಬೆಂಗಳೂರಿನ ಒಂದು ಸರ್ವಿಸ್ ಅಂಗಡಿಗೆ ಕೊಟ್ಟೆ. ನೋಡಿ, ಏನೂ ತೊಂದರೆ ಇಲ್ಲ ಅಂದರು. ಇವರಿಗೆ ಗೊತ್ತಾಗಲಿಲ್ಲ ಅಂದುಕೊಂಡೆ! 41 ಸಾವಿರಕ್ಕೆ ಮಾರಿ, ಸಾಲ ಮಾಡಿ ಹೊಸದು ತಂದೆ. ಏಪ್ರಿಲ್‌ನಲ್ಲಿ ಅದನ್ನು ಹಿಡಿದು ಅದೇ ಜಾಗಕ್ಕೆ, ಅದೇ ಹನ್ನೊಂದು ಗಂಟೆಗೆ ಹೋದೆ. ಅದೇ ಗೋಡಂಬಿ.

ನನ್ನ ತಪ್ಪು ಯಾವುದು ಅಂತ ಬಿಡಿಸಿ ಹೇಳುತ್ತೇನೆ. ಲೆನ್ಸ್ ಮಾರಿದ್ದಲ್ಲ, ಅದು ಆಮೇಲಿನ ಮಾತು. ಎರಡನೇ ಸಲ ಹೋದಾಗಲೇ ಅಲ್ಲಿದ್ದ ವಾಚರ್ ಒಬ್ಬರು ನನ್ನ ಪಾಡು ನೋಡಿ ನಕ್ಕು, “ಬಿಸಿಲ್ಗುದ್ರೆ ಎದ್ದೈತೆ ಸಾರ್, ಈಗೇನ್ ತೆಗೀತೀರ, ಬೆಳಿಗ್ಗೆ ಬರ್ರಿ” ಅಂದಿದ್ದರು. ನಾನೂ ನಕ್ಕು ಸುಮ್ಮನಾದೆ. ಬಿಸಿಲುಗುದುರೆ ಅಂದರೆ ಟಾರ್ ರೋಡಲ್ಲಿ ನೀರಿನ ಹಾಗೆ ಕಾಣುತ್ತದಲ್ಲ, ಅದಷ್ಟೇ ಅಂತ ನನ್ನ ತಿಳುವಳಿಕೆ. ಅದು ಜಿಂಕೆಗೂ ನನ್ನ ಲೆನ್ಸಿಗೂ ನಡುವೆ ಇದೆ ಅಂತ ಹೊಳೆಯಲೇ ಇಲ್ಲ. ಇನ್ನೂ ಹೊಟ್ಟೆ ಉರಿಯುವ ಸಂಗತಿ ಅಂದರೆ, ಅದೇ ಮೆಮೊರಿ ಕಾರ್ಡ್‌ನಲ್ಲಿ ಶಿರಾ ತಾಲ್ಲೂಕಿನ ಕಗ್ಗಲಡುವಿನ ಫೋಟೋಗಳೂ ಇದ್ದವು. ಅಲ್ಲಿ ಬಣ್ಣದ ಕೊಕ್ಕರೆಗಳು ಊರೊಳಗಿನ ಹುಣಸೆಮರದಲ್ಲೇ ಗೂಡು ಕಟ್ಟುತ್ತವೆ. ಮಧ್ಯಾಹ್ನ ಒಂದು ಗಂಟೆಗೆ, ಇದೇ ‘ಕೆಟ್ಟ’ ಲೆನ್ಸಲ್ಲಿ ತೆಗೆದದ್ದು. ಗರಿ ಗರಿ ಎಣಿಸಬಹುದಿತ್ತು. ಅದೃಷ್ಟಕ್ಕೆ ಬಂತು ಅಂದುಕೊಂಡೆನೇ ಹೊರತು, ಲೆನ್ಸ್ ಕೆಟ್ಟಿದ್ದರೆ ಇಲ್ಲಿ ಹೇಗೆ ಬಂತು ಅಂತ ಕೇಳಿಕೊಳ್ಳಲಿಲ್ಲ. ಕೊಕ್ಕರೆ ಇದ್ದದ್ದು ಹದಿನೈದು ಮೀಟರ್ ದೂರದಲ್ಲಿ, ಅದೂ ನೆಲದಿಂದ ಮೇಲೆ. ಜಿಂಕೆ ಇದ್ದದ್ದು ಇನ್ನೂರು ಮೀಟರ್ ಆಚೆ, ಕಾದ ನೆಲದ ಮೇಲೆ. ಒಂದೇ ಬಿಸಿಲು, ಒಂದೇ ಲೆನ್ಸ್. ಬೇರೆ ಇದ್ದದ್ದು ನಡುವಿನ ಗಾಳಿ.

ಕಾದ ನೆಲ ತನಗೆ ತಾಗಿದ ಗಾಳಿಯನ್ನು ಬಿಸಿ ಮಾಡುತ್ತದೆ. ಬಿಸಿ ಗಾಳಿ ಮೇಲೇಳುತ್ತದೆ, ತಂಪು ಗಾಳಿ ಕೆಳಗಿಳಿಯುತ್ತದೆ. ಎರಡರ ಸಾಂದ್ರತೆ ಬೇರೆ ಆದ್ದರಿಂದ ಬೆಳಕು ದಾರಿಯುದ್ದಕ್ಕೂ ಬಾಗುತ್ತಾ ಬರುತ್ತದೆ. ದೂರ ಹೆಚ್ಚಿದಷ್ಟೂ ಬಾಗುವುದು ಜಾಸ್ತಿ. 600 ಎಂಎಂ ಲೆನ್ಸ್ ಜಿಂಕೆಯ ಜೊತೆ ಆ ನಡುಕವನ್ನೂ ದೊಡ್ಡದು ಮಾಡಿ ತೋರಿಸುತ್ತದೆ. ಶಟರ್ ಎಷ್ಟೇ ಏರಿಸಿದರೂ ಸೊಟ್ಟಗಾದ ಚಿತ್ರವೇ ನಿಲ್ಲುವುದು. ಎರಡು ಲಕ್ಷದ ಲೆನ್ಸಾದರೂ ಅಷ್ಟೇ. ಕಾರಲ್ಲಿ ಎಸಿ ಹಾಕಿಕೊಂಡು ಕಿಟಕಿ ಇಳಿಸಿ ತೆಗೆಯುತ್ತೀರಾ? ಹಾಗಾದರೆ ಲೆನ್ಸಿನ ಮೂತಿಯ ಮುಂದೆಯೇ ತಂಪು ಗಾಳಿ, ಬಿಸಿ ಗಾಳಿ ಬೆರೆಯುತ್ತಿರುತ್ತದೆ. ನಾವೂ ಅದನ್ನೇ ಮಾಡುತ್ತಿದ್ದೆವು.

ಸಿಪಿಎಲ್ ನೀರು, ಎಲೆಯ ಮೇಲಿನ ಹೊಳಪನ್ನು ಕಡಿಮೆ ಮಾಡುತ್ತದೆ, ಜೊತೆಗೆ ಒಂದೂವರೆ ಸ್ಟಾಪ್‌ನಷ್ಟು, ಅಂದರೆ ಅರ್ಧಕ್ಕಿಂತ ಹೆಚ್ಚು ಬೆಳಕು ತಿನ್ನುತ್ತದೆ. ಈ ನಡುಕಕ್ಕೆ ಅದರಿಂದ ಮೂರು ಕಾಸಿನ ಉಪಯೋಗ ಇಲ್ಲ.

ಬಿಳಿ ಹೊಟ್ಟೆ ಸುಣ್ಣ ಬಳಿದ ಹಾಗೆ ಬರುತ್ತದೆ ಅಂದಿದ್ದೀರಲ್ಲ, ಅದು ಬೇರೆ ಕಾಯಿಲೆ, ಮದ್ದೂ ಸುಲಭ. ಫ್ರೇಮ್ ತುಂಬ ಕರಿ ಬೆನ್ನು ಕಂಡ ಕ್ಯಾಮೆರಾ ಕತ್ತಲು ಅಂದುಕೊಂಡು ಬೆಳಕು ಏರಿಸುತ್ತದೆ, ಬಿಳಿ ಸುಟ್ಟುಹೋಗುತ್ತದೆ. ಕ್ಯಾಮೆರಾ ಮ್ಯಾನುಯಲ್‌ಗೆ ಹಾಕಿ, ಅಂದರೆ ಬೆಳಕಿನ ಲೆಕ್ಕ ನೀವೇ ಇಡಿ. ನೆತ್ತಿ ಬಿಸಿಲಿಗೆ ಐಎಸ್ಒ 400, ಎಫ್/8, ಶಟರ್ 1/1600ರಿಂದ ಶುರು ಮಾಡಿ, ಬಿಳಿ ಇನ್ನೂ ಸುಡುತ್ತಿದ್ದರೆ 1/3200. ರಾ ಫೈಲಲ್ಲಿ (ಕ್ಯಾಮೆರಾ ತಿದ್ದದೆ ಇಟ್ಟುಕೊಳ್ಳುವ ಮೂಲ ಫೈಲು) ತೆಗೆಯಿರಿ, ಕರಿ ಬೆನ್ನನ್ನು ಆಮೇಲೆ ಎತ್ತಿಕೊಳ್ಳಬಹುದು. ಸುಟ್ಟ ಬಿಳಿ ಮಾತ್ರ ವಾಪಸ್ ಬರುವುದಿಲ್ಲ.

ಮಿಕ್ಕಿದ್ದು ಸಮಯ. ಒಳಗೆ ಹೋಗುವುದಕ್ಕೆ ಅರಣ್ಯ ಇಲಾಖೆಯವರನ್ನು ಮೊದಲೇ ಕೇಳಿಕೊಂಡು, ತುಮಕೂರನ್ನು ನಾಲ್ಕೂವರೆಗೇ ಬಿಡಿ. ಎಂಟೂವರೆಗೆಲ್ಲ ಕ್ಯಾಮೆರಾ ಚೀಲಕ್ಕೆ ಹಾಕಿ ಇಡ್ಲಿ ತಿನ್ನಲು ಹೋಗಿ. ಹತ್ತಿರ ಬೇಕು ಅಂತ ಜಿಂಕೆ ಹಿಂದೆ ಗಾಡಿ ಓಡಿಸಬೇಡಿ, ಅದು ಅಪರಾಧ. ಒಂದು ಕಡೆ ಕೂತಿರಿ, ಮೇಯುತ್ತಾ ಅವೇ ಬರುತ್ತವೆ. ಭಾನುವಾರ ಮಧ್ಯಾಹ್ನ ಬಿಟ್ಟರೆ ಬಿಡುವೇ ಇಲ್ಲ ಅಂತೀರಾದರೆ ಬಯಲು ಬಿಟ್ಟು ಕಗ್ಗಲಡುವಿಗೆ ಹೋಗಿ.

ನನ್ನ ಮಾತು ನಂಬಿಕೆ ಬರಲಿಲ್ಲವಾ? ಲೆನ್ಸ್ ಅಂಗಡಿಗೆ ಹೋಗುವ ಮುಂಚೆ ಒಂದು ಕೆಲಸ ಮಾಡಿ. ಊರಾಚೆ ರೋಡಿನ ಕರೆಂಟ್ ಕಂಬಗಳಿಗೆ ಪೇಂಟಲ್ಲಿ ನಂಬರ್ ಬರೆದಿರುತ್ತಾರೆ. ಮಧ್ಯಾಹ್ನ ಹನ್ನೆರಡಕ್ಕೆ ಇಪ್ಪತ್ತು ಮೀಟರ್ ದೂರದ ಕಂಬದ್ದೊಂದು, ಇನ್ನೂರು ಮೀಟರ್ ದೂರದ ಕಂಬದ್ದೊಂದು ಫೋಟೋ ತೆಗೆಯಿರಿ. ಹತ್ತಿರದ್ದೂ ಮಸುಕಾಗಿದ್ದರೆ ಇಲ್ಲೇ ಹೇಳಿ, ಆಗ ಲೆನ್ಸಿನ ವಿಷಯ ಮಾತಾಡೋಣ.