ನೈಟ್ರೇಟ್ ಉಳಿದಿದ್ದರೂ ಡಯಾಟಮ್ ಏಕೆ ಹೆಚ್ಚುತ್ತಿಲ್ಲ?

ಪ್ರಶ್ನೆ: ಸೀಗಡಿ ಮರಿಗಳ ಮೇವಿಗೆ ಎಫ್/2 ಮಾಧ್ಯಮದಲ್ಲಿ (ಸಮುದ್ರದ ನೀರಿಗೆ ಪೋಷಕಗಳನ್ನು ಬೆರೆಸುವ ಒಂದು ಸಿದ್ಧ ಸೂತ್ರ) ಥಲಾಸಿಯೋಸೈರಾ ಎಂಬ ಡಯಾಟಮ್, ಅಂದರೆ ಸಿಲಿಕಾ ಕವಚದ ಏಕಕೋಶ ಪಾಚಿ, ಬೆಳೆಸುತ್ತಿದ್ದೇವೆ. ನಾಲ್ಕನೇ ದಿನಕ್ಕೆ ಕೋಶಗಳ ಎಣಿಕೆ ಏರುವುದು ನಿಲ್ಲುತ್ತದೆ. ಬೆಳಕಿಗೆ ಕೊರತೆಯಿಲ್ಲ, ನೀರಿನಲ್ಲಿ ನೈಟ್ರೇಟ್ ಇನ್ನೂ ಇದೆ. ಸೂಕ್ಷ್ಮದರ್ಶಕದಲ್ಲಿ ಎಷ್ಟೋ ಕವಚಗಳೊಳಗೆ ಬೇರ್ಪಡದ ಎರಡೆರಡು ಕೋಶಗಳು ಕಾಣುತ್ತಿವೆ. ಏನು ತಪ್ಪಾಗಿದೆ?

ಉತ್ತರ: ಬಹುಮಟ್ಟಿಗೆ ಕವಚ ಕಟ್ಟಲು ಬೇಕಾದ ಸಿಲಿಕೇಟ್ ಮುಗಿದಿದೆ. ಆ ಜೋಡಿಗಳೇ ಅದರ ಸುಳಿವು.

ಡಯಾಟಮ್ ಕವಚವೆಂದರೆ ಸೋಪಿನ ಡಬ್ಬಿಯಂತೆ: ತುಸು ದೊಡ್ಡದಾದ ಮುಚ್ಚಳ, ಅದರೊಳಗೆ ಕೂರುವ ತಳ, ನಡುವೆ ಸುತ್ತುಪಟ್ಟಿಗಳು. ಕೋಶ ಬೆಳೆಯುವಾಗ ಈ ಪಟ್ಟಿಗಳು ಒಂದೊಂದಾಗಿ ಸೇರಿ ಡಬ್ಬಿ ಉದ್ದವಾಗುತ್ತದೆ. ಆಮೇಲೆ ನ್ಯೂಕ್ಲಿಯಸ್ ಎರಡಾಗಿ, ಹಳೆಯ ಡಬ್ಬಿಯೊಳಗೇ ಜೀವರಸವೂ ಎರಡಾಗುತ್ತದೆ. ಪ್ರತಿ ಮರಿಕೋಶಕ್ಕೂ ಬೇಕಾದ ಹೊಸ ತಟ್ಟೆಯ, ಅಂದರೆ ಡಬ್ಬಿಯ ಇನ್ನೊಂದು ಅರ್ಧದ, ಕೆಲಸ ಶುರುವಾಗುವುದು ಇದಾದ ಮೇಲೆಯೇ. ಎರಡೂ ಮರಿಕೋಶಗಳಲ್ಲಿ, ಅವು ಮುಖಾಮುಖಿಯಾಗಿರುವ ಕಡೆ, ಹೊರಪೊರೆಯ ಅಡಿಯಲ್ಲಿ ಚಪ್ಪಟೆಯಾದ ಆಮ್ಲೀಯ ಚೀಲವೊಂದು ಹರಡುತ್ತದೆ. ನೀರಿನಿಂದ ಹೀರಿದ ಸಿಲಿಸಿಕ್ ಆಮ್ಲ ಅದರೊಳಗೆ ಸಿಲಾಫಿನ್ ಪ್ರೋಟೀನು ಮತ್ತು ಉದ್ದ ಸರಪಳಿಯ ಪಾಲಿಅಮೀನುಗಳ ನೆರವಿನಿಂದ ಸಿಲಿಕಾ ಆಗಿ ಗಟ್ಟಿಯಾಗುತ್ತದೆ. ತಟ್ಟೆ ಪೂರ್ತಿಯಾಗಿ ಹೊರಬಿದ್ದರಷ್ಟೇ ಮರಿಗಳು ಬೇರೆಯಾಗುತ್ತವೆ. ಸಿಲಿಕೇಟ್ ಸಿಗದಿದ್ದರೆ ಒಳಗೆ ಎರಡಾಗಿಯೂ ಹಳೆಯ ಡಬ್ಬಿಯಲ್ಲೇ ಸಿಕ್ಕಿಕೊಳ್ಳುತ್ತವೆ. ಇನ್ನು ಕೆಲವು ಕೋಶಗಳು ಡಿಎನ್‌ಎ ನಕಲಿಸುವ ಮೊದಲೇ ನಿಂತುಬಿಡುತ್ತವೆ. ಯಾವ ಆರೋಗ್ಯವಂತ ಸಂಗ್ರಹದಲ್ಲೂ ಒಂದಷ್ಟು ಜೋಡಿಗಳಿರುತ್ತವೆ. ಅವು ಗುಂಪುಗಟ್ಟಲೆ ಹಾಗೇ ಉಳಿದರೆ ಮಾತ್ರ ಅನುಮಾನಿಸಿ.

ನೈಟ್ರೇಟ್ ಉಳಿದದ್ದೇಕೆಂದರೆ, ಎಫ್/2ದಲ್ಲಿ ಅದು ಲೀಟರಿಗೆ ಸುಮಾರು 880 ಮೈಕ್ರೊಮೋಲ್, ಸಿಲಿಕೇಟ್ ಬರೀ 106. ಡಯಾಟಮ್‌ಗೆ ಇವೆರಡೂ ಹೆಚ್ಚುಕಡಿಮೆ ಸಮವಾಗಿ ಬೇಕು. ಹಾಗಾಗಿ ಮೊದಲು ತೀರುವುದು ಸಿಲಿಕೇಟ್. ಸೂತ್ರವನ್ನು ಕುರುಡಾಗಿ ಪಾಲಿಸಿದರೆ ಆಗುವುದೇ ಇದು.

ಪರಿಹಾರಕ್ಕೆ ಸಿಲಿಕೇಟ್ ದ್ರಾವಣ ಮಾಡಿಕೊಳ್ಳಿ: ಒಂದು ಲೀಟರ್ ಶುದ್ಧ ನೀರಿಗೆ 30 ಗ್ರಾಂ ಸೋಡಿಯಂ ಮೆಟಾಸಿಲಿಕೇಟ್ (ಒಂಬತ್ತು ನೀರಿನಣುವಿನ ರೂಪ) ಕರಗಿಸಿ. ಇದು ಗಾಜನ್ನೂ ಕೊರೆಯುವಷ್ಟು ಕ್ಷಾರೀಯ, ಪ್ಲಾಸ್ಟಿಕ್ ಬಾಟಲಿಯಲ್ಲೇ ಇಡಿ. ಲೀಟರ್ ಡಯಾಟಮ್ ಸಂಗ್ರಹಕ್ಕೆ ಈ ದ್ರಾವಣ ಒಂದು ಮಿಲಿಲೀಟರ್ ಸಾಕು. ಮೊದಲ ದಿನ ಒಮ್ಮೆ, ಎರಡು ಅಥವಾ ಮೂರನೇ ದಿನ ಇನ್ನೊಮ್ಮೆ, ಕಲಕುತ್ತಾ ಹನಿಹನಿಯಾಗಿ ಹಾಕಿ. ವಾರದ್ದೆಲ್ಲ ಒಂದೇ ಸಲ ಸುರಿದರೆ ನೀರು ಬೆಳ್ಳಗೆ ಕದಡಿ ತಳಕ್ಕಿಳಿಯುತ್ತದೆ. ಹಾಗೆ ಇಳಿದದ್ದು ಕೋಶಕ್ಕೆ ದಕ್ಕದು. ಸಮುದ್ರದ ನೀರಿಗೆ ಬೆರೆಸಿ ಆಟೋಕ್ಲೇವ್ (ಒತ್ತಡದ ಉಗಿಯಲ್ಲಿ ಕ್ರಿಮಿಶುದ್ಧಿ) ಮಾಡಿದರೂ ಇದೇ ತೊಂದರೆ. ಸಿಲಿಕೇಟ್ ದ್ರಾವಣವನ್ನು ಬೇರೆಯಾಗಿ 0.2 ಮೈಕ್ರಾನ್ ಫಿಲ್ಟರಿನಲ್ಲಿ ಸೋಸಿ, ನೀರು ತಣಿದ ಮೇಲೆ ಸೇರಿಸಿ.

ಖಚಿತಪಡಿಸಿಕೊಳ್ಳಲು ನಿಂತುಹೋದ ಸಂಗ್ರಹವನ್ನು ಎರಡು ಫ್ಲಾಸ್ಕಿಗೆ ಹಂಚಿ, ಒಂದಕ್ಕೆ ಮಾತ್ರ ಸಿಲಿಕೇಟ್ ಕೊಟ್ಟು 24 ಗಂಟೆ ಬಿಟ್ಟು ಎಣಿಸಿ. ಅಲ್ಲಿ ಎಣಿಕೆ ಏರಿ ಜೋಡಿಗಳು ಬಿಡಿಸಿಕೊಂಡಿದ್ದರೆ ಕಾರಣ ಸಿಕ್ಕಿತು. ಎರಡೂ ಹಾಗೇ ಇದ್ದರೆ ಪಿಎಚ್ ನೋಡಿ: 9 ದಾಟಿದ್ದರೆ ಕಾರ್ಬನ್ ಡೈಆಕ್ಸೈಡ್ ಸಾಲುತ್ತಿಲ್ಲ, ಗಾಳಿ ಹೆಚ್ಚಿಸಿ.