ಕೆರೆಯಲ್ಲಿ ಕಾಣುವ ಕಪ್ಪು ಹಕ್ಕು ನಾಮಗೋಳಿಯೋ, ನೀರುಕೋಳಿಯೋ? ಗುರುತಿಸುವುದು ಹೇಗೆ?

ಮೊದಲು ಹಣೆ ನೋಡಿ. ನಾಮಗೋಳಿಗೆ (ಕೂಟ್) ಬಿಳಿ ಕೊಕ್ಕು. ಅದೇ ಬಿಳುಪು ಹಣೆಯ ಮೇಲೂ ಹತ್ತಿ ನಾಮ ಇಟ್ಟ ಹಾಗೆ ಕಾಣುತ್ತದೆ. ಎಷ್ಟು ಚೆಂದದ ಹೆಸರು ಅಲ್ವಾ? ನೀರುಕೋಳಿಗೆ (ಮೂರ್‌ಹೆನ್) ಹಣೆ, ಕೊಕ್ಕು ಎರಡೂ ಕೆಂಪು, ಕೊಕ್ಕಿನ ತುದಿ ಮಾತ್ರ ಹಳದಿ.

ಆದರೆ ಮರಿ ದಾಟಿದ ಎಳೆ ಹಕ್ಕುಗಳಲ್ಲಿ ಈ ಬಣ್ಣ ಇನ್ನೂ ಮೂಡಿರುವುದಿಲ್ಲ. ಜಾಸ್ತಿ ಜನ ಎಡವುವುದು ಇಲ್ಲೇ. ಆಗ ಬಾಲದ ಕಡೆ ನೋಡಿ. ನೀರುಕೋಳಿ ಬಾಲವನ್ನು ಆಗಾಗ ಮೇಲಕ್ಕೆ ಕುಣಿಸುತ್ತದೆ, ಅಡಿಯಲ್ಲಿ ಎರಡು ಬಿಳಿ ಮಚ್ಚೆ ಮಿನುಗುತ್ತವೆ. ಪಕ್ಕೆಯಲ್ಲೂ ಒಂದು ಬಿಳಿ ಗೆರೆ ಇರುತ್ತದೆ. ನಾಮಗೋಳಿಗೆ ಇವೆರಡೂ ಇಲ್ಲ.

ನಡವಳಿಕೆಯೂ ಬೇರೆ. ನಾಮಗೋಳಿ ತೆರೆದ ನೀರಿನಲ್ಲಿ ಗುಂಪಾಗಿ ತೇಲುತ್ತದೆ, ಮುಳುಗಿ ಪಾಚಿ, ನೀರುಗಿಡ ಕಿತ್ತು ತಿನ್ನುತ್ತದೆ. ಹಾರಬೇಕಾದರೆ ನೀರಿನ ಮೇಲೆ ಪಟಪಟ ಓಡಿಯೇ ಏಳಬೇಕು. ನೀರುಕೋಳಿಗೆ ಜೊಂಡಿನ ಮರೆ ಇಷ್ಟ. ದಡದ ಕೆಸರಲ್ಲಿ ನಡೆಯುತ್ತಾ ಮೇಯುತ್ತದೆ, ಹತ್ತಿರ ಹೋದರೆ ಸರಕ್ಕನೆ ಒಳಗೆ ನುಸುಳುತ್ತದೆ.

ದಡ ಹತ್ತಿದಾಗ ಕಾಲು ಗಮನಿಸಿ. ನಾಮಗೋಳಿಯ ಬೆರಳುಗಳಿಗೆ ಎಲೆಯಂಥ ಅಗಲ ಅಂಚುಗಳಿವೆ, ಈಜುವಾಗ ಅವೇ ಅದಕ್ಕೆ ದೋಣಿಯ ಹುಟ್ಟು ಇದ್ದ ಹಾಗೆ. ನೀರುಕೋಳಿಯದು ಹಳದಿ-ಹಸಿರು ಕಾಲು, ಉದ್ದನೆಯ ಬರಿ ಬೆರಳು.

ಅಂದಹಾಗೆ, ಇವೆರಡೂ ಬಾತುಕೋಳಿಗಳಲ್ಲ. ಕೊಕ್ಕರೆಗೂ ಸೇರಿದವಲ್ಲ. ಕೆನ್ನೀಲಿ ಬಣ್ಣದ ಜಂಬುಕೋಳಿಯ ಹತ್ತಿರದ ನೆಂಟರು.